ಆಕಾಶಮಾರ್ಗದ ಊಟ: ಕೊರಿಯಾದ ತಟ್ಟೆಯೋ, ಪಾಶ್ಚಾತ್ಯ ತಟ್ಟೆಯೋ?

ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿಯ ಬಸ್ಸಿಗಾಗಿ ಕಾದು ನಿಂತ ವೃದ್ಧ ದಂಪತಿಗಳನ್ನು ಎಲ್ಲಿಗೆ ಪ್ರಯಾಣವೆಂದು ಕೇಳಿ, ಅವರು ಅಮೆರಿಕೆಗೆಂದು ಉತ್ತರಿಸಿದರೆ ಈಗ ಯಾರೂ ಬೆರಗಾಗುವುದಿಲ್ಲ. ಘಟ್ಟದ ಮೇಲಿನ ಈ ಊರುಗಳಿಂದ ಓದಿ ಬೆಂಗಳೂರಿಗೆ ಹೋದ ಮಕ್ಕಳು ಅಲ್ಲಿಂದ ಸಮುದ್ರ ದಾಟಿದ್ದಾರೆ. ಬಾಣಂತನಕ್ಕೋ ಮೊಮ್ಮಕ್ಕಳ ಆರೈಕೆಗೋ ತಂದೆತಾಯಿಗಳು ಹಿಂದೆಯೇ ಹೊರಡಬೇಕಾಗಿದೆ. ನಾವು ದಂಪತಿಗಳೂ ಹಾಗೆ ಹೋಗಿ ಬಂದವರು. ಆ ಪ್ರಯಾಣದಲ್ಲಿ ಊಟದ ವಿಷಯವಾಗಿ ನಾವು ಪಟ್ಟ ಪಾಡನ್ನು ಶ್ರೀಮಠದಲ್ಲಿ ಅರಿಕೆ ಮಾಡಿಕೊಂಡಾಗ, ಪೂಜ್ಯರು ನಕ್ಕು ಸುಮ್ಮನಾಗದೆ, ಇದನ್ನು ಆರೋಗ್ಯ ವಿಭಾಗಕ್ಕೆ ಬರೆದುಕೊಡಬೇಕೆಂದು ಅಪ್ಪಣೆ ಕೊಡಿಸಿದರು. ಪ್ರಯಾಣಕ್ಕೆ ಸಿದ್ಧರಾಗಿರುವ ಸದ್ಭಕ್ತರು ಮಠದ ಬಳಗದಲ್ಲಿ ಅನೇಕರಿರುವುದರಿಂದ ನಮ್ಮ ತಪ್ಪನ್ನು ನಾವೇ ಹೇಳಿಕೊಳ್ಳುವುದಕ್ಕೆ ಸಂಕೋಚಪಡುವುದಿಲ್ಲ.

ನಮ್ಮದು ದೆಹಲಿಯಿಂದ ದಕ್ಷಿಣ ಕೊರಿಯಾದ ಇಂಚಿಯಾನ್‌ಗೆ ಸುಮಾರು ಏಳು ಗಂಟೆ, ಅಲ್ಲಿಂದ ಸಿಯಾಟಲ್‌ಗೆ ಮತ್ತೆ ಹತ್ತು ಗಂಟೆಯ ಹಾದಿ. ಟಿಕೆಟ್ ಮಾಡಿಸುವಾಗ ಮಗಳು ಸಸ್ಯಾಹಾರವೆಂದು ನಮೂದಿಸಿದ್ದಳು. ಆದರೆ ಅನಂತರ ಎರಡನೆಯ ವಿಮಾನದ ದಿನವನ್ನು ಬದಲಾಯಿಸಬೇಕಾಗಿ ಬಂತು; ಊಟದ ಕೋರಿಕೆಯನ್ನು ಪುನಃ ದಾಖಲಿಸಬೇಕೆಂಬುದು ಅವಳಿಗೂ ಹೊಳೆಯಲಿಲ್ಲ, ನಮಗೂ ತಿಳಿದಿರಲಿಲ್ಲ. ಮೊದಲ ವಿಮಾನದಲ್ಲಿ ಅನ್ನ, ಬೇಳೆ, ಪಲ್ಯ ತಾನಾಗಿಯೇ ಎದುರಿಗೆ ಬಂದುದರಿಂದ ಮುಂದೆಯೂ ಹಾಗೆಯೇ ಆಗುವುದೆಂದು ನಿಶ್ಚಿಂತರಾಗಿದ್ದೆವು.

ನಮ್ಮಿಬ್ಬರಲ್ಲಿ ಒಬ್ಬರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುವ ರೂಢಿ. ಊಟದ ಗಾಡಿ ನಾಲ್ಕು ಸಾಲು ಮುಂದೆ ಇರುವುದನ್ನು ಕಂಡು, ಮನೆಯಲ್ಲಿ ಎಲೆ ಹಾಕಿದೊಡನೆ ಮಾಡುವಂತೆ, ಚುಚ್ಚುಮದ್ದು ತೆಗೆದುಕೊಂಡಾಯಿತು. ಗಾಡಿ ಹತ್ತಿರ ಬಂದಾಗ ಪರಿಚಾರಿಕೆ ವಿನಯದಿಂದ ಬಾಗಿ, ಕೊರಿಯಾದ ಊಟವೋ ಪಾಶ್ಚಾತ್ಯ ಊಟವೋ ಎಂದು ಕೇಳಿದಳು. ಕೊರಿಯಾದ ತಟ್ಟೆಯಲ್ಲಿ ಬಣ್ಣಬಣ್ಣದ ತರಕಾರಿಗಳ ನಡುವೆ ಕೊಚ್ಚಿದ ಮಾಂಸ. ಪಾಶ್ಚಾತ್ಯ ತಟ್ಟೆಯಲ್ಲಿ ಆಲೂಗಡ್ಡೆಯ ಪಕ್ಕದಲ್ಲಿ ಕೋಳಿ. ನಮ್ಮ ಮುಖ ನೋಡಿಯೇ ಆಕೆಗೆ ಅರ್ಥವಾಗಿ, ಸಸ್ಯಾಹಾರದ ಪೊಟ್ಟಣವೇನಾದರೂ ಉಳಿದಿದೆಯೇ ಎಂದು ಹುಡುಕಲು ಹೋದಳು. ಅಷ್ಟರಲ್ಲಿ ವಿಮಾನ ಅಲುಗಾಡತೊಡಗಿತು. ಎಲ್ಲರೂ ಪಟ್ಟಿ ಬಿಗಿದು ಕೂರಬೇಕೆಂಬ ಸೂಚನೆ ಬಂತು, ಗಾಡಿಗಳೆಲ್ಲ ಹಿಂದಕ್ಕೆ ಹೋದವು. ನಮ್ಮ ಬುತ್ತಿಯ ಚೀಲ ತಲೆಯ ಮೇಲಿನ ಗೂಡಿನಲ್ಲಿ, ಎದ್ದು ತೆಗೆಯುವಂತಿಲ್ಲ.

ಅರ್ಧ ಗಂಟೆಯೊಳಗೆ ಬೆವರು ಇಳಿಯಿತು, ಕೈ ನಡುಗಿತು, ಮಾತು ತೊದಲಿತು. ಸಕ್ಕರೆ ಕುಸಿಯುತ್ತಿದೆಯೆಂದು ತಿಳಿದರೂ ಕೈಗೆಟಕುವಂತೆ ಒಂದು ಚೂರು ಬೆಲ್ಲವೂ ಇರಲಿಲ್ಲ. ನಡುವಿನ ಹಾದಿಯ ಆಚೆ ಕುಳಿತಿದ್ದ ಕೊರಿಯಾದ ಅಜ್ಜಿಯೊಬ್ಬರು ಇದನ್ನು ಗಮನಿಸಿದರು. ಅವರ ಭಾಷೆ ನಮಗೆ ಬಾರದು, ನಮ್ಮದು ಅವರಿಗೆ ಬಾರದು. ತಮ್ಮ ತಟ್ಟೆಯಲ್ಲಿದ್ದ ಕಿತ್ತಳೆ ರಸದ ಲೋಟವನ್ನು ಕೈ ಚಾಚಿ ಕೊಟ್ಟು, ಕುಡಿಸಿ ಎಂಬಂತೆ ಸನ್ನೆ ಮಾಡಿದರು. ಹದಿನೈದು ನಿಮಿಷಗಳಲ್ಲಿ ಜೀವ ಹಿಂದಿರುಗಿದಂತಾಯಿತು. ಆಮೇಲೆ ಅವರೇ ತಮ್ಮ ಮುಚ್ಚಳ ತೆಗೆಯದ ಅನ್ನದ ಡಬ್ಬಿಯನ್ನೂ ಕೊಟ್ಟರು. ಆ ತಾಯಿಯನ್ನು ನೆನೆಯದೆ ಈ ಲೇಖನವನ್ನು ಮುಂದುವರಿಸಲಾರೆವು.

ಈಗ ಆ ಎರಡು ತಟ್ಟೆಗಳ ವಿಚಾರ. ಕೊರಿಯಾದ ವಿಮಾನಗಳಲ್ಲಿ ಹೆಸರಾದ ಊಟ ಬಿಬಿಂಬಾಪ್. ಆ ಮಾತಿನ ಅರ್ಥ ಕಲಸಿದ ಅನ್ನವೆಂದು. ಬೇಯಿಸಿದ ಸೊಪ್ಪು, ಮೊಳಕೆ, ಅಣಬೆ, ಸೌತೆ, ಗಜ್ಜರಿಗಳನ್ನು ಒಂದು ಬಟ್ಟಲಲ್ಲಿ ಬೇರೆಬೇರೆಯಾಗಿ ಜೋಡಿಸಿ, ಅನ್ನವನ್ನು ಪ್ರತ್ಯೇಕ ಡಬ್ಬಿಯಲ್ಲಿ ಬಿಸಿಯಾಗಿ ಕೊಟ್ಟು, ಜೊತೆಗೆ ಒಂದಿಷ್ಟು ಎಳ್ಳೆಣ್ಣೆಯನ್ನೂ ಗೋಚುಜಂಗ್ ಎಂಬ ಕೆಂಪು ಮಸಾಲೆಯನ್ನೂ ಇಟ್ಟಿರುತ್ತಾರೆ. ಉಣ್ಣುವವರೇ ಎಲ್ಲವನ್ನೂ ಕಲಸಿಕೊಳ್ಳಬೇಕು. ಗೋಚುಜಂಗ್ ಎಂಬುದು ಮೆಣಸಿನಪುಡಿ, ಅಂಟು ಅಕ್ಕಿ, ಸೋಯಾ ಮತ್ತು ಉಪ್ಪುಗಳನ್ನು ಹುದುಗಿಸಿ ಮಾಡಿದ ಗೊಜ್ಜು. ನಮ್ಮ ಬ್ಯಾಡಗಿ ಮೆಣಸಿನಕಾಯಿಯಂತೆ ಅವರ ಮೆಣಸಿನಲ್ಲಿಯೂ ಖಾರಕ್ಕಿಂತ ಬಣ್ಣವೇ ಮುಂದು. ಅನ್ನಕ್ಕೆ ಎಳ್ಳೆಣ್ಣೆ ಬಿಟ್ಟು ಗೊಜ್ಜು ಕಲಸಿ ಉಣ್ಣುವ ಪದ್ಧತಿ ನಮಗೇನು ಹೊಸದೇ? ನೋಡಿದೊಡನೆ ಇದು ನಮ್ಮದೇ ಊಟವೆಂಬ ಭ್ರಮೆಯಾಗುವುದು ಇಲ್ಲಿಯೇ.

ಆದರೆ ಆ ಬಟ್ಟಲಲ್ಲಿ ಸಾಮಾನ್ಯವಾಗಿ ಕೊಚ್ಚಿದ ದನದ ಮಾಂಸ ಇರುತ್ತದೆ. ಅದನ್ನು ಬದಿಗೆ ಸರಿಸಿ ಉಣ್ಣುವುದು ನಮ್ಮವರಿಂದಾಗದು. ಪಕ್ಕದ ಕಡಲಕಳೆಯ ಸಾರನ್ನು ಹೆಚ್ಚಾಗಿ ಮಾಂಸದ ಇಲ್ಲವೆ ಮೀನಿನ ಕಟ್ಟಿನಲ್ಲಿ ಕುದಿಸಿರುತ್ತಾರೆ. ಇನ್ನು ಕಿಮ್ಚಿ, ನೋಡಲು ಕೇವಲ ಎಲೆಕೋಸು ಮತ್ತು ಮೆಣಸು. ನಮ್ಮಲ್ಲಿ ಕಳಲೆಯನ್ನೂ ಅಪ್ಪೆಮಿಡಿಯನ್ನೂ ಉಪ್ಪಿನಲ್ಲಿ ಹಾಕಿಡುವಂತೆ ಅವರು ಕೋಸನ್ನು ಹಾಕಿ ಹುಳಿ ಬರಿಸುತ್ತಾರೆ. ಸಾಂಪ್ರದಾಯಿಕ ಕಿಮ್ಚಿಗೆ ಉಪ್ಪು ಹಾಕಿದ ಸೀಗಡಿಯೋ ಮೀನಿನ ರಸವೋ ಬೀಳುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಗೋಚುಜಂಗ್‌ನ ಸಣ್ಣ ಕೊಳವೆಗಳಲ್ಲಿಯೂ ಮಾಂಸ ಬೆರೆಸಿದವು ಉಂಟು. ಅದರ ಮೇಲಿನ ಬರಹವನ್ನು ಓದಿಸಿಕೊಳ್ಳದೆ ಒಡೆಯಬಾರದು.

ಹಾಗೆಂದು ಕೊರಿಯನ್ನರ ಅಡುಗೆಯೆಲ್ಲ ಮಾಂಸಮಯವೆಂದು ಯಾರೂ ಭಾವಿಸಬೇಕಾಗಿಲ್ಲ. ಅಲ್ಲಿಯ ಬೌದ್ಧ ವಿಹಾರಗಳಲ್ಲಿ ಮಾಂಸ, ಮೀನುಗಳ ಜೊತೆಗೆ ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಐದು ಘಾಟು ಪದಾರ್ಥಗಳನ್ನೂ ವರ್ಜಿಸಿ ಅಡುಗೆ ಮಾಡುವ ಪುರಾತನ ಸಂಪ್ರದಾಯವಿದೆ. ಆ ಐದರಲ್ಲಿ ಇಂಗನ್ನೂ ಎಣಿಸುವುದುಂಟೆಂದು ತಿಳಿದಾಗ ಮಾತ್ರ, ಇಂಗಿಲ್ಲದೆ ಒಗ್ಗರಣೆಯೇ ಇಲ್ಲವೆನ್ನುವ ನಮ್ಮ ಮನೆಯವರಿಗೆ ನಗು ತಡೆಯಲಾಗಲಿಲ್ಲ.

ಪಾಶ್ಚಾತ್ಯ ತಟ್ಟೆಯಲ್ಲಿ ಮೋಸ ಬೇರೆ ಬಗೆಯದು. ಅಲ್ಲಿ ಮಾಂಸ ಎದ್ದು ಕಾಣುವುದರಿಂದ ಅದನ್ನು ಬಿಡುವುದು ಸುಲಭ. ಬಿಟ್ಟ ಮೇಲೆ ಉಳಿಯುವುದು ಮೈದಾ ಬನ್ನು, ಬೆಣ್ಣೆ, ಒಂದಿಷ್ಟು ಹಸಿ ಸೊಪ್ಪು ಮತ್ತು ಸಿಹಿ ಕೇಕು. ಕೇಕಿನಲ್ಲಿ ಮೊಟ್ಟೆ, ಅಲುಗಾಡುವ ಸಿಹಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜಿಲೆಟಿನ್, ಕೆಲವು ಚೀಸುಗಳಲ್ಲಿ ಕರುವಿನ ಜಠರದಿಂದ ತೆಗೆದ ಹೆಪ್ಪು. ಬೆಳಗಿನ ಉಪಾಹಾರವೆಂದರೆ ಹೆಚ್ಚಿನಂಶ ಆಮ್ಲೆಟ್ಟೇ. ಸಕ್ಕರೆ ಕಾಯಿಲೆಯವರಿಗಂತೂ ಮೈದಾ ಮತ್ತು ಕೇಕಿನ ಈ ಜೋಡಿ ಮೊದಲು ಸಕ್ಕರೆಯನ್ನು ಏರಿಸಿ ಆಮೇಲೆ ಹಸಿವನ್ನೇ ಉಳಿಸುತ್ತದೆ.

ಎರಡರಲ್ಲಿ ಒಂದನ್ನು ಆರಿಸಲೇಬೇಕಾಗಿ ಬಂದರೆ ಯಾವುದು? ನಮ್ಮ ಅಭಿಪ್ರಾಯದಲ್ಲಿ ಕೊರಿಯಾದ ತಟ್ಟೆಯ ಅನ್ನದ ಡಬ್ಬಿ ಮತ್ತು ಎಳ್ಳೆಣ್ಣೆ. ಅದಕ್ಕೆ ನಮ್ಮ ಚಟ್ನಿ ಪುಡಿ. ಪಾಶ್ಚಾತ್ಯ ತಟ್ಟೆಯಿಂದ ಹಣ್ಣು ಮಾತ್ರ. ಬಿಸಿ ಅನ್ನವನ್ನಷ್ಟೇ ಕೊಡಿರೆಂದು ಕೇಳಿದರೆ ಪರಿಚಾರಿಕೆಯರು ಸಾಧ್ಯವಾದಾಗ ತಂದುಕೊಡುತ್ತಾರೆ; ಕೇಳಲು ನಾಚಬಾರದು.

ಇಷ್ಟಕ್ಕೂ ಎತ್ತರದಲ್ಲಿ ನಾಲಿಗೆಯೂ ಹೊಟ್ಟೆಯೂ ನೆಲದ ಮೇಲಿದ್ದಂತೆ ಇರುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ 6000ದಿಂದ 8000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು. ಅಂದರೆ ಊಟಿಯಲ್ಲಿ ಕುಳಿತು ಉಂಡಂತೆ. ಗಾಳಿಯ ತೇವಾಂಶ ಮಾತ್ರ ಬಹುಮಟ್ಟಿಗೆ ಶೇಕಡಾ 20ಕ್ಕಿಂತ ಕಡಿಮೆ. ಮೂಗು ಒಣಗಿ, ಎಂಜಿನ್ನಿನ ಸದ್ದೂ ಸೇರಿ, ಉಪ್ಪು ಮತ್ತು ಸಿಹಿ ನಾಲಿಗೆಗೆ ಸಪ್ಪೆಯೆನಿಸುತ್ತವೆ. ಆದುದರಿಂದ ವಿಮಾನದ ಅಡುಗೆಗೆ ಮಸಾಲೆ, ಉಪ್ಪುಗಳನ್ನು ಮುಂದಾಗಿ ಹಾಕುವುದುಂಟು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ. ಕಿಮ್ಚಿ, ಸಾರು, ಗೊಜ್ಜು ಮೂರನ್ನೂ ಒಂದೇ ಊಟದಲ್ಲಿ ಮುಗಿಸಿದ ರಕ್ತದೊತ್ತಡದವರು ಇಳಿಯುವಾಗ ಪಾದ ಊದಿ ಚಪ್ಪಲಿಗೆ ಹಿಡಿಯದೆ ಪರದಾಡುವುದನ್ನು ನಾವು ಕಂಡಿದ್ದೇವೆ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತದ್ದೂ ಅದಕ್ಕೆ ಕಾರಣವೆನ್ನಿ.

ಒತ್ತಡ ಇಳಿದಾಗ ಹೊಟ್ಟೆಯೊಳಗಿನ ವಾಯು ಹಿಗ್ಗುತ್ತದೆ; 8000 ಅಡಿಯ ಒತ್ತಡದಲ್ಲಿ ಸುಮಾರು ಮೂರನೆಯ ಒಂದು ಪಾಲು. ಹೊರಡುವ ದಿನ ಮನೆಯಲ್ಲಿ ಪ್ರೀತಿಯಿಂದ ಬಡಿಸುವ ಕಾಳಿನ ಪಲ್ಯ, ಎಲೆಕೋಸು, ಬಜ್ಜಿಗಳು ಆಕಾಶದಲ್ಲಿ ತಮ್ಮ ಪ್ರತಾಪ ತೋರುವುದು ಇದರಿಂದಲೇ. ಸೋಡಾ ಬೆರೆತ ಪಾನೀಯಗಳನ್ನೂ ಬಿಡುವುದು ಲೇಸು. ನೀರನ್ನು ಮಾತ್ರ ಆಗಾಗ ಸ್ವಲ್ಪಸ್ವಲ್ಪ ಕುಡಿಯಬೇಕು. ಶೌಚಕ್ಕೆ ಏಳಬೇಕಾದೀತೆಂದು ನೀರು ಬಿಡುವ ಹಿರಿಯರಿದ್ದಾರೆ, ಏಳುವುದೇ ಒಳ್ಳೆಯದು. ನಾಲ್ಕು ಗಂಟೆಗಿಂತ ದೀರ್ಘವಾದ ಪ್ರಯಾಣದಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡರಷ್ಟಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಸಂಶೋಧನೆ ತಿಳಿಸುತ್ತದೆ. ಅಪಾಯ ಒಟ್ಟಾರೆ ಚಿಕ್ಕದೇ, ಸುಮಾರು 6000 ಜನರಲ್ಲಿ ಒಬ್ಬರಿಗೆ. ಆದರೂ ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಊಟದ ಆಯ್ಕೆ ವಿಮಾನದಲ್ಲಿ ಆಗತಕ್ಕದ್ದಲ್ಲ, ಮನೆಯಲ್ಲಿ ಆಗತಕ್ಕದ್ದು. ವಿಮಾನ ಸಂಸ್ಥೆಗಳು ವಿಶೇಷ ಊಟಕ್ಕೆ ನಾಲ್ಕು ಅಕ್ಷರಗಳ ಸಂಕೇತಗಳನ್ನು ಬಳಸುತ್ತವೆ. ನಮಗೆ ಬೇಕಾದದ್ದು ಎ.ವಿ.ಎಂ.ಎಲ್. ಇದು ಭಾರತೀಯ ಶೈಲಿಯ ಸಸ್ಯಾಹಾರ. ಹಾಲು, ಮೊಸರು ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗಳೂ ಬೇಡವೆನ್ನುವವರಿಗೆ ಜೈನರ ಊಟವಾದ ವಿ.ಜೆ.ಎಂ.ಎಲ್. ಇದೆ. ವಿ.ಜಿ.ಎಂ.ಎಲ್. ಎಂದರೆ ಹಾಲೂ ಇಲ್ಲದ ಊಟ. ವಿ.ಎಲ್.ಎಂ.ಎಲ್. ಎಂಬುದರಲ್ಲಿ ಮೊಟ್ಟೆಗೆ ಅವಕಾಶವಿದೆ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮವರು ಎಡವುವುದು ಎಚ್.ಎನ್.ಎಂ.ಎಲ್. ಎಂಬ ಹಿಂದೂ ಊಟದಲ್ಲಿ. ಹೆಸರು ನೋಡಿ ಸಸ್ಯಾಹಾರವೆಂದು ತಿಳಿಯುತ್ತಾರೆ. ಅದರಲ್ಲಿ ದನ, ಹಂದಿಗಳ ಮಾಂಸವಿಲ್ಲವೆಂಬುದಷ್ಟೇ ನಿಜ, ಕುರಿ, ಕೋಳಿ, ಮೀನು ಇರಬಹುದು. ಹಾಗೆಯೇ ಮಧುಮೇಹಿಗಳಿಗೆಂದಿರುವ ಡಿ.ಬಿ.ಎಂ.ಎಲ್. ಸಸ್ಯಾಹಾರವೇ ಆಗಿರಬೇಕೆಂದಿಲ್ಲ. ಅದನ್ನು ಬೇಡಿ ಮಾಂಸ ಪಡೆಯುವುದಕ್ಕಿಂತ ಎ.ವಿ.ಎಂ.ಎಲ್. ಪಡೆದು ಸಿಹಿಯನ್ನು ಬಿಡುವುದು ಮೇಲು.

ಕೋರಿಕೆಯನ್ನು ಹೊರಡುವ ಕನಿಷ್ಠ 24 ಗಂಟೆ, ಕೆಲವು ಸಂಸ್ಥೆಗಳಲ್ಲಿ 48 ಗಂಟೆ ಮುಂಚಿತವಾಗಿ ಸಲ್ಲಿಸಿರಬೇಕು. ಪ್ರತಿಯೊಂದು ವಿಮಾನಕ್ಕೂ ಬೇರೆಬೇರೆಯಾಗಿ ದಾಖಲಾಗಿದೆಯೇ ಎಂದು ನೋಡಬೇಕು. ದಿನ ಅಥವಾ ವಿಮಾನ ಬದಲಾದರೆ ಮತ್ತೆ ಕೇಳಬೇಕು. ನಾವು ಮಾಡದೆ ಉಳಿದದ್ದು ಇದೊಂದೇ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಊಟದ ತಟ್ಟೆ ತಮ್ಮ ಮುಂದೆ ಬಂದು, ಅದರಲ್ಲಿರುವುದು ತಾವು ಉಣ್ಣುವಂಥದೆಂದು ಖಾತ್ರಿಯಾದ ಮೇಲೆಯೇ ಊಟದ ಔಷಧವನ್ನು ತೆಗೆದುಕೊಳ್ಳಲಿ. ಪೂರ್ವಕ್ಕೆ ಹಾರುವಾಗ ದಿನ ಕುಗ್ಗುತ್ತದೆ, ಪಶ್ಚಿಮಕ್ಕೆ ಹಾರುವಾಗ ಹಿಗ್ಗುತ್ತದೆ; ದಿನಕ್ಕೊಮ್ಮೆ ತೆಗೆದುಕೊಳ್ಳುವ ದೀರ್ಘಕಾಲದ ಇನ್ಸುಲಿನ್ನಿನ ಪ್ರಮಾಣವೂ ವೇಳೆಯೂ ಅದಕ್ಕೆ ತಕ್ಕಂತೆ ಬದಲಾಗಬೇಕಾಗಬಹುದು. ಇದನ್ನು ತಮ್ಮ ವೈದ್ಯರಿಂದ ಕಾಗದದ ಮೇಲೆ ಬರೆಸಿಕೊಂಡೇ ಹೊರಡಬೇಕು. ಇನ್ಸುಲಿನ್ ಕೈಚೀಲದಲ್ಲಿರಲಿ, ಸರಕಿನ ಗೂಡಿಗೆ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು. ಸಕ್ಕರೆ ಕುಸಿದಾಗ ಬೇಕಾದದ್ದು ರೊಟ್ಟಿಯಲ್ಲ, ಕೂಡಲೇ ರಕ್ತಕ್ಕೆ ಸೇರುವ ಸಿಹಿ: ಮೂರು ಚಮಚ ಸಕ್ಕರೆ ಅಥವಾ ಅರ್ಧ ಲೋಟ ಹಣ್ಣಿನ ರಸ. ಹದಿನೈದು ನಿಮಿಷ ಬಿಟ್ಟು ಪರೀಕ್ಷಿಸಿ, ಏರದಿದ್ದರೆ ಪುನಃ ಅಷ್ಟೇ. ರೊಟ್ಟಿ ಅನಂತರದ ಮಾತು.

ಲಿಂಗಪೂಜೆಯಾಗದೆ ಬಾಯಿಗೆ ಏನನ್ನೂ ಹಾಕದ ಹಿರಿಯರು ನಮ್ಮಲ್ಲಿ ಬಹಳ. ಆಕಾಶದಲ್ಲಿ ಸೂರ್ಯ ಯಾವಾಗ ಮೂಡುವನೆಂಬ ಲೆಕ್ಕವೇ ತಪ್ಪುವುದರಿಂದ, ಮಾತ್ರೆ ನುಂಗಿ ಪೂಜೆಗಾಗಿ ಕಾಯುತ್ತ ಕುಳಿತರೆ ಅಪಾಯ. ನಾವು ಇಂಚಿಯಾನ್ ನಿಲ್ದಾಣದಲ್ಲಿ ಕೈಕಾಲು ಮುಖ ತೊಳೆದು, ಒಂದು ಮೂಲೆಯಲ್ಲಿ ಕುಳಿತು ಪೂಜೆ ಮುಗಿಸಿಕೊಂಡೇ ಮುಂದಿನ ವಿಮಾನ ಹತ್ತಿದೆವು. ಯಾರೂ ಅಡ್ಡಿಪಡಿಸಲಿಲ್ಲ.

ಬುತ್ತಿಯ ಬಗೆಗೆ ಎರಡು ಮಾತು. ಖಡಕ್ ಜೋಳದ ರೊಟ್ಟಿಗೆ ಸಮನಾದ ಪ್ರಯಾಣದ ಊಟ ಬೇರೊಂದಿಲ್ಲ, ಕೆಡುವುದಿಲ್ಲ, ಸೋರುವುದಿಲ್ಲ. ಶೇಂಗಾ, ಗುರೆಳ್ಳು ಚಟ್ನಿ ಪುಡಿಗಳು ಕೈಚೀಲದಲ್ಲಿ ಚಿಕ್ಕ ಪೊಟ್ಟಣದಷ್ಟೇ ಇರಲಿ. ಅಮೆರಿಕೆಗೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರ್ ಡಬ್ಬಿಯನ್ನು ಮೀರಿದ ಪುಡಿಗಳಿಗೆ 2018ರಿಂದ ವಿಶೇಷ ತಪಾಸಣೆಯಿದೆ, ತೃಪ್ತಿಯಾಗದಿದ್ದರೆ ಬಿಸಾಡಿಸುತ್ತಾರೆ. ಮೊಸರು, ಉಪ್ಪಿನಕಾಯಿ ಮತ್ತು ನಮ್ಮ ಊರಿನ ಜೋನಿಬೆಲ್ಲ ಇವೆಲ್ಲ ದ್ರವದ ಲೆಕ್ಕಕ್ಕೆ ಸೇರಿ 100 ಮಿಲಿಲೀಟರ್ ಮೀರುವಂತಿಲ್ಲ. ಜೋನಿಬೆಲ್ಲದ ಡಬ್ಬಿಯೊಂದನ್ನು ತಪಾಸಣೆಯವರ ಮೇಜಿನ ಮೇಲೆ ಬಿಟ್ಟು ಬಂದ ಸಂಕಟ ನಮ್ಮದೂ ಹೌದು. ವಿಮಾನದಲ್ಲಿ ಕೊಟ್ಟ ಹಣ್ಣನ್ನು ಅಲ್ಲಿಯೇ ತಿಂದು ಮುಗಿಸಬೇಕು. ಚೀಲದಲ್ಲಿಟ್ಟುಕೊಂಡು ಹೇಳದೆ ಇಳಿದರೆ ಅಮೆರಿಕೆಯಲ್ಲಿ ದಂಡ ತೆರಬೇಕಾದೀತು.

ಆರು ತಿಂಗಳ ಬಳಿಕ ಮರಳುವಾಗ ಎರಡೂ ವಿಮಾನಗಳಿಗೆ ಎ.ವಿ.ಎಂ.ಎಲ್. ದಾಖಲಾಗಿದೆಯೆಂದು ಮಗಳಿಂದ ಎರಡು ಸಲ ಪರೀಕ್ಷೆ ಮಾಡಿಸಿದೆವು. ವಿಶೇಷ ಊಟವನ್ನು ಎಲ್ಲರಿಗಿಂತ ಮೊದಲೇ ತರುವುದರಿಂದ, ಗಾಡಿ ಹೊರಡುವ ಮುನ್ನವೇ ನಮ್ಮ ಮುಂದೆ ಅನ್ನ, ಬೇಳೆ, ಪನ್ನೀರಿನ ಪಲ್ಯ ಬಂದಿತ್ತು. ಮುಚ್ಚಳ ತೆಗೆದು ನೋಡಿ, ಆಮೇಲೆ ಚುಚ್ಚುಮದ್ದು ತೆಗೆದುಕೊಂಡಾಯಿತು. ಅಚ್ಚುಬೆಲ್ಲದ ನಾಲ್ಕು ತುಂಡುಗಳು ಈ ಸಲ ಅಂಗಿಯ ಜೇಬಿನಲ್ಲಿಯೇ ಇದ್ದವು. ಅವು ಹಾಗೆಯೇ ಯಲ್ಲಾಪುರದವರೆಗೆ ಬಂದವು.