ಸ್ಟಾರ್ಟರ್ ಡಬ್ಬಿಯೊಳಗಿನ ಸರ್ವರ್

"ತಮ್ಮಾ, ರಾತ್ರಿ ಮೋಟರ್ ಯಾರ ಚಾಲೂ ಮಾಡ್ಯಾರ?"

ಮೂಡಲಗಿ ಕಡೆಯ ತೋಟದ ಮನೆಯಿಂದ ಕಾಕಾನ ಫೋನು ಬಂದಾಗ ಬೆಳಗಿನ ಆರು ಗಂಟೆ. ಕಬ್ಬಿನ ಸಾಲು ತುಂಬಿ ನೀರು ಪಕ್ಕದವರ ಬದುವಿನತನಕ ಹೋಗಿತ್ತು. ಮಲಗುವ ಮುಂಚೆ ಬಂದ್ ಮಾಡಿದ ಮೋಟರು ನಡುರಾತ್ರಿ ತಾನಾಗಿಯೇ ಎದ್ದಿತ್ತು. ಬಾವಿಯ ಕಡೆ ಯಾರೂ ಹೋಗಿಲ್ಲ. ಅನುಮಾನ ನನ್ನ ಮೇಲೆ ಬಂದದ್ದರಲ್ಲಿ ತಪ್ಪಿಲ್ಲ. ಹಿಂದಿನ ವಾರವಷ್ಟೇ ಸ್ಟಾರ್ಟರ್ ಡಬ್ಬಿಯೊಳಗೆ ಹೆಬ್ಬೆರಳಿನಷ್ಟು ಅಗಲದ ಒಂದು ಬೋರ್ಡು ಕೂರಿಸಿ ಬಂದವನು ನಾನೇ.

ಆ ಬೋರ್ಡಿನ ಹೆಸರು ಇಎಸ್‌ಪಿ 8266. ಚೀನಾದ ಎಸ್ಪ್ರೆಸಿಫ್ ಕಂಪನಿಯ ಚಿಪ್ಪು, 2014ರಲ್ಲಿ ಹವ್ಯಾಸಿಗಳ ಕೈಗೆ ಸಿಕ್ಕಿತು. ಅದರೊಳಗೆ ವೈಫೈ ಇದೆ, ಒಂದಿಷ್ಟು ಕಿಲೋಬೈಟ್ ನೆನಪಿದೆ, ಮತ್ತು ನಾನು ತುಂಬಿದ ನೂರು ಸಾಲಿನ ಪ್ರೋಗ್ರಾಮಿನಲ್ಲಿ ಒಂದು ವೆಬ್ ಸರ್ವರ್ ಇದೆ. ಸರ್ವರ್ ಎಂದರೆ ತಣ್ಣನೆಯ ಕೋಣೆಯಲ್ಲಿ ಸಾಲುಸಾಲು ಕಪಾಟಿನಂತೆ ನಿಂತ ಯಂತ್ರಗಳ ಚಿತ್ರ ಕಣ್ಣಿಗೆ ಬರುತ್ತದೆ. ಅವು ದೊಡ್ಡ ಹೋಟೆಲುಗಳು. ಬಸ್‌ಸ್ಟ್ಯಾಂಡ್ ಹಿಂದಿನ ಸಣ್ಣ ಖಾನಾವಳಿಯೂ ಊಟವನ್ನೇ ಹಾಕುತ್ತದಲ್ಲ. ಅಲ್ಲಿ ಒಬ್ಬಳೇ ಅಕ್ಕ ರೊಟ್ಟಿ ಬಡಿಯುತ್ತಾಳೆ, ಬಡಿಸುತ್ತಾಳೆ, ರೊಕ್ಕ ಎಣಿಸುತ್ತಾಳೆ. ಒಬ್ಬರ ತಾಟು ಮುಗಿದ ಮೇಲೆ ಇನ್ನೊಬ್ಬರದು. ಡಬ್ಬಿಯೊಳಗಿನ ಸರ್ವರ್ ಈ ಜಾತಿಯದು. ಅದು 80ನೇ ನಂಬರಿನ ಬಾಗಿಲು ತೆರೆದು ಕಾಯುತ್ತದೆ. ಯಾರಾದರೂ ಬಂದರೆ ಅವರ ಚೀಟಿ ಓದಿ, ಉತ್ತರ ಬರೆದುಕೊಟ್ಟು, ಬಾಗಿಲು ಮುಚ್ಚಿ ಮತ್ತೆ ಕಾಯಲು ಕೂರುತ್ತದೆ.

ಚೀಟಿಯ ಭಾಷೆ ಅಷ್ಟು ಸರಳವಾಗಿರುವುದೇ ಇದಕ್ಕೆಲ್ಲ ಮೂಲ. 1991ರಲ್ಲಿ ಟಿಮ್ ಬರ್ನರ್ಸ್‌-ಲೀ ಬಳಸುತ್ತಿದ್ದ ಮೊದಲ ರೂಪದಲ್ಲಿ ಬ್ರೌಸರು ಕಳಿಸುತ್ತಿದ್ದದ್ದು ಒಂದೇ ಸಾಲು: 'ಗೆಟ್' ಎಂಬ ಶಬ್ದ, ಅದರ ಮುಂದೆ ಬೇಕಾದ ಪುಟದ ಹೆಸರು. ಸರ್ವರ್ ಆ ಪುಟವನ್ನು ಕೊಟ್ಟು ಸಂಪರ್ಕ ಕಡಿಯುತ್ತಿತ್ತು. ಇಷ್ಟನ್ನು ಮಾಡಲು ಎಷ್ಟು ಸಣ್ಣ ಯಂತ್ರ ಸಾಕು ಎಂಬುದು ಆಮೇಲೆ ಒಂದು ಪಂಥದಂತೆಯೇ ಆಯಿತು. 1999ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಎಚ್. ಶ್ರೀಕುಮಾರ್ ಎಂಟು ಕಾಲಿನ ಒಂದು ಚಿಪ್ಪಿನಲ್ಲಿ ಸರ್ವರ್ ಕಟ್ಟಿ, ಅದು ಕಡ್ಡಿಪೆಟ್ಟಿಗೆಯ ಕಡ್ಡಿಯ ತಲೆಯಷ್ಟೇ ಇದೆ ಎಂದು ತೋರಿಸಿದರು. ಸ್ವೀಡನ್ನಿನ ಆ್ಯಡಮ್ ಡಂಕೆಲ್ಸ್ ಅಂತರ್ಜಾಲದ ನಿಯಮಾವಳಿಯನ್ನೇ ಕುಗ್ಗಿಸಿ, 1980ರ ದಶಕದ ಆಟದ ಕಂಪ್ಯೂಟರ್ ಕಮೊಡೋರ್ 64ರ ಮೇಲೂ ಸರ್ವರ್ ಓಡಿಸಿದರು. ಅವುಗಳ ಮುಂದೆ ಕಾಕಾನ ಡಬ್ಬಿಯಲ್ಲಿರುವುದು ಸಾಹುಕಾರ.

ಆದರೆ ಮೋಟರಿಗೆ ಸರ್ವರ್ ಯಾಕೆ ಬೇಕು? ಪೇಟೆಯಲ್ಲಿ ಸಿಗುವ ಎಷ್ಟೋ ಆ್ಯಪುಗಳ ಕತೆ ಹೀಗಿದೆ: ಅಂಗಳದಲ್ಲಿ ನಿಂತು ಗುಂಡಿ ಒತ್ತಿದರೆ ಆ ಅಪ್ಪಣೆ ಎಲ್ಲೋ ದೂರದ ಊರಿನ ದೊಡ್ಡ ಸರ್ವರಿಗೆ ಹೋಗಿ, ಅಲ್ಲಿಂದ ತಿರುಗಿ ಬಂದು, ಮೂವತ್ತು ಮೀಟರ್ ಆಚೆಯ ಬಾವಿಯನ್ನು ಮುಟ್ಟುತ್ತದೆ. ಕಬ್ಬು ಆಳೆತ್ತರ ಬೆಳೆದ ಮೇಲೆ ನಮ್ಮಲ್ಲಿ ಮೊಬೈಲ್ ಸಿಗ್ನಲ್ಲು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ. ಚಿಪ್ಪಿನೊಳಗೇ ಸರ್ವರ್ ಇದ್ದರೆ ಇಂಟರ್‌ನೆಟ್ಟಿನ ಹಂಗಿಲ್ಲ. ಚಿಪ್ಪೇ ತನ್ನ ವೈಫೈ ಹುಟ್ಟಿಸುತ್ತದೆ. ಫೋನು ಅದಕ್ಕೆ ಸೇರಿ ಬ್ರೌಸರಿನಲ್ಲಿ 192.168.4.1 ಎಂದು ಹೊಡೆದರೆ ಚಾಲೂ, ಬಂದ್ ಎಂಬ ಎರಡು ಗುಂಡಿಯ ಪುಟ ತೆರೆಯುತ್ತದೆ. ಗೋಕಾಕ ಫಾಲ್ಸ್‌ನಲ್ಲಿ ಆದದ್ದೂ ಹೀಗೇ. 1887ರಲ್ಲಿ ಘಟಪ್ರಭೆ ಧುಮುಕುವ ಬಲವನ್ನು ಅಲ್ಲೇ ಹಿಡಿದು, ದಂಡೆಯ ಮೇಲಿನ ನೂಲಿನ ಗಿರಣಿಯನ್ನು ಅಲ್ಲೇ ತಿರುಗಿಸಿದರು.

ಇನ್ನೊಂದು ಅನುಕೂಲವೂ ಇದೆ. ಆ್ಯಪು ಬರೆಯಬೇಕಿಲ್ಲ, ಹಂಚಬೇಕಿಲ್ಲ. ಬ್ರೌಸರು ಎಲ್ಲರ ಫೋನಿನಲ್ಲೂ ಮೊದಲೇ ಇದೆ. ಪ್ರಿಂಟರು, ವೈಫೈ ಪೆಟ್ಟಿಗೆ, ಮಾಳಿಗೆಯ ಸೋಲಾರ್ ಇನ್ವರ್ಟರು ತಮ್ಮೊಳಗೊಂದು ಸರ್ವರ್ ಇಟ್ಟುಕೊಳ್ಳುವುದು ಇದಕ್ಕೇ. ಯಂತ್ರದೊಳಗೇ ಇರಬೇಕೆಂದೂ ಇಲ್ಲ, ಒಂದು ಆ್ಯಪಿನೊಳಗೂ ಕೂರಬಹುದು. ಕಿವಿಕ್ಸ್ ಎಂಬ ತಂತ್ರಾಂಶ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಫೋನಿಗೆ ಇಳಿಸಿಕೊಳ್ಳುತ್ತದೆ. ಅದರೊಳಗೂ ಹಗುರವಾದ ಒಂದು ಸರ್ವರ್ ಇದೆ. ಮಾಸ್ತರರು ತಮ್ಮ ಫೋನಿನ ಹಾಟ್‌ಸ್ಪಾಟ್ ಹಚ್ಚಿದರೆ, ಮುಂದಿನ ಬೆಂಚಿನ ಹುಡುಗರು ಒಂದು ಪೈಸೆಯ ಡೇಟಾ ಇಲ್ಲದೆ ತಮ್ಮ ಬ್ರೌಸರಿನಲ್ಲೇ ಅದನ್ನು ಓದಬಹುದು. ಕರದಂಟು ತಿನ್ನುವವರು ಬೆಲ್ಲ, ಉತ್ತತ್ತಿ, ಗೋಡಂಬಿಯ ಹೆಸರು ಹೇಳುತ್ತಾರೆ. ಎಲ್ಲವನ್ನೂ ಹಿಡಿದುಕೊಂಡ, ಕರಿದ ಅಂಟನ್ನು ಯಾರೂ ಎತ್ತಿ ಹೇಳುವುದಿಲ್ಲ. ಆ್ಯಪಿನೊಳಗಿನ ಸರ್ವರಿನ ಹಣೆಬರಹವೂ ಅದೇ.

ಈಗ ರಾತ್ರಿಯ ಕಳ್ಳನ ವಿಚಾರ.

ಚಾಲೂ ಗುಂಡಿ ಒತ್ತಿದಾಗ ಫೋನಿನಿಂದ ಹೋಗುತ್ತಿದ್ದದ್ದು ಒಂದು 'ಗೆಟ್' ಚೀಟಿ, ವಿಳಾಸದ ಕೊನೆಗೆ 'ಚಾಲೂ'. ಚಿಪ್ಪು ಅದನ್ನು ಓದಿ ತನ್ನ ಒಂದು ಕಾಲಿಗೆ 3.3 ವೋಲ್ಟ್ ಕೊಡುತ್ತದೆ. ಆ ಕಾಲು ರಿಲೇಯನ್ನು ಎಳೆಯುತ್ತದೆ, ರಿಲೇ ಸ್ಟಾರ್ಟರಿನ ಕಾಂಟ್ಯಾಕ್ಟರ್ ಕಾಯಿಲನ್ನು ಎಬ್ಬಿಸುತ್ತದೆ, ಟಪ್ ಎಂಬ ಸದ್ದಿನೊಂದಿಗೆ 415 ವೋಲ್ಟಿನ ಮೂರು ಫೇಸೂ ಮೋಟರಿಗೆ ಹೋಗುತ್ತವೆ. ಇಲ್ಲಿತನಕ ಸರಿ. ಬ್ರೌಸರಿನ ಲೆಕ್ಕ ಮಾತ್ರ ಬೇರೆ. ಅದರ ಪ್ರಕಾರ 'ಗೆಟ್' ಎಂದರೆ ಬರೀ ನೋಡುವುದು, ಎಷ್ಟು ಸಲ ನೋಡಿದರೂ ಏನೂ ಬದಲಾಗಬಾರದು. ಅದಕ್ಕೇ ನೆನಪು ಸಾಲದಾದಾಗ ಫೋನು ಪುಟವನ್ನು ಬಿಸಾಕುತ್ತದೆ, ಬ್ರೌಸರು ಮತ್ತೆ ತೆರೆದಾಗ ಕೇಳದೆಯೇ ಇನ್ನೊಮ್ಮೆ ತರಿಸಿಕೊಳ್ಳುತ್ತದೆ. ಕಾಕಾ ಸಂಜೆ ಚಾಲೂ ಒತ್ತಿದ್ದ. ಬಂದ್ ಮಾಡಿದ್ದು ಮಾತ್ರ ಬಾವಿಗೆ ಹೋಗಿ, ಡಬ್ಬಿಯ ಕೆಂಪು ಗುಂಡಿ ಒತ್ತಿ. ಪುಟ ಹಾಗೇ ಉಳಿದಿತ್ತು. ನಡುರಾತ್ರಿ ಎಚ್ಚರಾಗಿ ಏನನ್ನೋ ನೋಡಲು ಬ್ರೌಸರು ತೆರೆದ. ಅದು ಹಳೆಯ ಚೀಟಿಯನ್ನೇ ಮತ್ತೆ ಕಳಿಸಿತು. ಥ್ರೀ ಫೇಸ್ ಇತ್ತು. ಮೋಟರು ಎದ್ದಿತು.

ತಪ್ಪು ನನ್ನದೇ. ಏನನ್ನಾದರೂ ಬದಲಾಯಿಸುವ ಅಪ್ಪಣೆಗೆ 'ಪೋಸ್ಟ್' ಎಂಬ ಬೇರೆ ಚೀಟಿ ಇದೆ. ಅದನ್ನು ಎರಡನೇ ಸಲ ಕಳಿಸುವ ಮುಂಚೆ ಬ್ರೌಸರು ನಿಮ್ಮನ್ನು ಕೇಳುತ್ತದೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ದ ಈ ಭೇದ ನನಗೆ ತಿಳಿದದ್ದು ಪಕ್ಕದವರ ಬದುವಿಗೆ ನೀರು ನಿಂತ ಮೇಲೆ.

ಎರಡನೇ ಪಾಠ ಕನ್ನಡದ್ದು. ಪುಟದ ತಲೆಬರಹಕ್ಕೆ ನಮ್ಮ ಮೂರು ಊರಿನ ಹೆಸರು ಹಾಕಿದ್ದೆ: ಗೋಕಾಕ ಮೂಡಲಗಿ ಹುಕ್ಕೇರಿ. ಅದನ್ನಷ್ಟೇ ಕಳಿಸಿ ಪರೀಕ್ಷೆ ಮಾಡಿದರೆ ತೆರೆಯ ಮೇಲೆ ಬಂದದ್ದು 'ಗೋಕಾಕ ಮ', ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆಯ ಒಂದು ಕಪ್ಪು ವಜ್ರ. ಹುಕ್ಕೇರಿಯ ಸುಳಿವೇ ಇಲ್ಲ. ಉತ್ತರ ಕೊಡುವಾಗ ಸರ್ವರ್ ಮೊದಲೇ ಉದ್ದ ಹೇಳಬೇಕು, ಇಷ್ಟು ಬೈಟ್ ಬರುತ್ತದೆ ಎಂದು. ಚಿಪ್ಪಿನಲ್ಲಿದ್ದ ಮೈಕ್ರೋಪೈಥಾನ್ ಭಾಷೆಯಲ್ಲಿ ನಾನು ಉದ್ದ ಕೇಳಿದೆ, ಅದು 21 ಎಂದಿತು. ಅದು ಎಣಿಸಿದ್ದು ಯೂನಿಕೋಡ್ ಚಿಹ್ನೆಗಳನ್ನು. ಗೋಕಾಕ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡಿನಲ್ಲಿ ಗ, ಅದರ ಓತ್ವ, ಕ, ದೀರ್ಘ, ಕ ಎಂದು ಐದು. ಸಾಗಿಸುವಾಗ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್, ಅಲ್ಲಿಗೆ ಹದಿನೈದು. ಒತ್ತಕ್ಷರವಿರುವ ಹುಕ್ಕೇರಿಗೆ 24. ನಡುವಿನ ಎರಡು ಖಾಲಿ ಜಾಗ ಸೇರಿ ಒಟ್ಟು 59. ನಾನು 21 ಎಂದು ಹೇಳಿದ್ದರಿಂದ ಬ್ರೌಸರು 21ನೇ ಬೈಟಿಗೆ ಕೈ ತೊಳೆದುಕೊಂಡಿತು, ಮೂಡಲಗಿಯ ದೀರ್ಘವನ್ನು ನಡುವೆಯೇ ಕತ್ತರಿಸಿ. ಇಂಗ್ಲಿಷಿನಲ್ಲಿ ಬರೆದಿದ್ದರೆ ಅಕ್ಷರವೂ ಬೈಟೂ ಒಂದೇ ಸಂಖ್ಯೆ, ಈ ದೋಷ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕಲಿಸುವ ಉದಾಹರಣೆಗಳಲ್ಲಿ ಅದು ಉಳಿದುಕೊಂಡಿರುವುದೂ ಅದಕ್ಕೇ ಇರಬೇಕು. ಒಂದು ಸಮಾಧಾನವೆಂದರೆ ಚಿಪ್ಪಿನಲ್ಲಿ ಕನ್ನಡದ ಫಾಂಟು ಇರಬೇಕಿಲ್ಲ. ಅದು ಬೈಟು ಎಸೆದರೆ ಸಾಕು, ಅಕ್ಷರ ಕಟ್ಟುವುದು ಫೋನಿನ ಕೆಲಸ.

ಸಣ್ಣ ಕಿರಿಕಿರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಈ ವೈಫೈನಲ್ಲಿ ಇಂಟರ್‌ನೆಟ್ ಇಲ್ಲ ಎಂದು ಗೊಣಗಿ ಫೋನು ಮೊಬೈಲ್ ಡೇಟಾಕ್ಕೆ ಜಾರಿಬಿಡುತ್ತದೆ, ಆಗ ಪುಟ ತೆರೆಯುವುದಿಲ್ಲ. ಒಂದು ಪುಟ ಕೇಳಿದ ಬ್ರೌಸರು ಬೆನ್ನಿಗೇ ಅದರ ಪುಟ್ಟ ಲಾಂಛನವನ್ನೂ ಕೇಳುತ್ತದೆ, ಅದಕ್ಕೆ 'ಇಲ್ಲ' ಎನ್ನುವ ಉತ್ತರವನ್ನಾದರೂ ಬರೆದಿಡಬೇಕು.

ದೊಡ್ಡ ಚಿಂತೆ ಬೇರೆಯೇ ಇದೆ. ಸ್ಟಾರ್ಟರ್ ಡಬ್ಬಿ ತೆರೆಯುವಾಗ ನಮ್ಮವರು ಹಾವಿದೆಯೇ ಎಂದು ಒಮ್ಮೆ ಬಡಿದು ನೋಡುತ್ತಾರೆ. ಬೋವಾ ಎಂಬುದು ಅಂಥದೇ ಒಂದು ಹಾವಿನ ಹೆಸರಿನ ಹಗುರ ಸರ್ವರ್. ಅದನ್ನು ಬರೆಯುವುದು 2005ರಲ್ಲೇ ನಿಂತಿತು. ಆದರೂ ಚಿಪ್ಪು ಮಾಡುವವರ ತಂತ್ರಾಂಶದ ಗಂಟಿನಲ್ಲಿ ಸೇರಿಕೊಂಡು ಕ್ಯಾಮೆರಾ, ವೈಫೈ ಪೆಟ್ಟಿಗೆಗಳೊಳಗೆ ಹೋಗುತ್ತಲೇ ಇತ್ತು. 2022ರಲ್ಲಿ ಉತ್ತರ ಭಾರತದ ವಿದ್ಯುತ್ ಜಾಲದ ನಿಯಂತ್ರಣ ಕೇಂದ್ರಗಳ ಮೇಲೆ ಕನ್ನಗಾರರ ಕಣ್ಣು ಬಿದ್ದಿದ್ದ ವಿಷಯ ಬಯಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಈ ದಾಳಿಯ ಜಾಡು ಹಿಡಿದು ಹೋದಾಗ ಸಿಕ್ಕ ದುರ್ಬಲ ಕೊಂಡಿ ಈ ಬೋವಾ. ಒಂದೇ ವಾರದಲ್ಲಿ ಜಗತ್ತಿನಾದ್ಯಂತ ಅಂತರ್ಜಾಲಕ್ಕೆ ಮುಖ ಮಾಡಿಕೊಂಡಿದ್ದ ಹತ್ತು ಲಕ್ಷಕ್ಕೂ ಹೆಚ್ಚು ಬೋವಾಗಳು ಅವರಿಗೆ ಕಂಡವು. ತಮ್ಮ ಪೆಟ್ಟಿಗೆಯಲ್ಲಿ ಅದು ಇದೆಯೆಂಬುದು ಎಷ್ಟೋ ಮಾಲೀಕರಿಗೆ ಗೊತ್ತೇ ಇರಲಿಲ್ಲ.

ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಇದೆ. ತಂತಿ ಹರಿದರೆ ಯಾರನ್ನು ಕರೆಯಬೇಕೆಂದು ಊರಿಗೆ ಗೊತ್ತು. ಡಬ್ಬಿಯೊಳಗಿನ ಸರ್ವರಿಗೆ ಲೈನ್‌ಮನ್ ಇಲ್ಲ. ಅದಕ್ಕೆ ಕಾಕಾನ ಚಿಪ್ಪನ್ನು ಇಂಟರ್‌ನೆಟ್ಟಿಗೆ ಜೋಡಿಸಿಯೇ ಇಲ್ಲ, ವೈಫೈಗೆ ಉದ್ದನೆಯ ಗುಪ್ತಪದ ಹಾಕಿದ್ದೇನೆ.

ಕಾಕಾನಿಗೆ ಒಂದು ಅಭ್ಯಾಸವಿದೆ. ಡಬ್ಬಿಯ ಮುಚ್ಚಳದ ಒಳಗೆ ಬೇರಿಂಗ್ ಹಾಕಿಸಿದ್ದು, ವೈಂಡಿಂಗ್ ಮಾಡಿಸಿದ್ದು ಎಲ್ಲದರ ತಾರೀಖು ಪೇಂಟಿನಲ್ಲಿ ಬರೆದಿಡುತ್ತಾನೆ. 'ಪೋಸ್ಟ್' ಮಾಡಿ ತಿದ್ದಿದ ಪ್ರೋಗ್ರಾಮು ತುಂಬಿಸಿದ ದಿನ ನಾನು ಹೊರಡುವಾಗ ಬ್ರಷ್ಷು ನನ್ನ ಕೈಗೆ ಕೊಟ್ಟ. "ಹೊಳ್ಳಿ ಕೆಟ್ರ ಯಾವುದಂತ ಹುಡುಕೂಣು? ಇದರದೂ ಬರಿ." ಬೇರಿಂಗಿನ ಕೆಳಗೆ ಜಾಗವಿತ್ತು. ಸರ್ವರ್, ಎರಡನೇ ಸಲ, ತಾರೀಖು ಎಂದು ಬರೆದೆ.