ಗಣಕದ ಲೆಕ್ಕವೂ ನಮ್ಮ ಪಗಾರವೂ

ಕುರಕುಂಭದ ನಮ್ಮ ವಾಚನಾಲಯದಲ್ಲಿ ಸಾಫ್ಟ್‌ವೇರ್ ಎಂದರೇನು, ಅದನ್ನು ಹೇಗೆ ರಚಿಸುತ್ತಾರೆ ಎಂಬುದನ್ನು ಕುರಿತು ಕೆಲವು ರವಿವಾರ ನಾವು ಮಾತನಾಡಿದೆವು. ಈ ವಿದ್ಯೆ ನಮಗೆ ದೂರದ್ದಲ್ಲ. ಇನ್ಫೋಸಿಸ್ ಕಂಪನಿ 1981ರಲ್ಲಿ ಹುಟ್ಟಿದ್ದು ಇದೇ ಪುಣೆಯಲ್ಲಿ. 1983ರಲ್ಲಿ ಅದು ಬೆಂಗಳೂರಿಗೆ ಹೋಯಿತು.

ಮೊದಲ ದಿನ ಹಲಗೆಯ ತುಂಬ ಇಂಗ್ಲಿಷ್ ಹೆಸರುಗಳನ್ನು ಬರೆದು ಒಂದು ತಾಸು ವಿವರಿಸಿದೆವು. ಕೇಳುವವರು ಮರ್ಯಾದೆಗಾಗಿ ಕುಳಿತಿದ್ದರು, ಅಷ್ಟೆ. ಕೊನೆಗೆ ಹಮಾಲಿ ಕೆಲಸದ ಹಿರಿಯರೊಬ್ಬರು, "ಅದೆಲ್ಲಾ ಖರೆ ರೀ, ಆವತ್ತು ನಮ್ಮ ಪಗಾರ ಯಾಕ ಕಡಿಮಿ ಬಂತು, ಅದನ್ನ ಹೇಳ್ರಿ" ಎಂದರು. ಆ ಪ್ರಶ್ನೆಯೇ ನಮಗೆ ಪಾಠವಾಯಿತು.

ಅವರೂ ನಾವೂ ಹಿಂದೆ ಒಂದೇ ಗಿರಣಿಯಲ್ಲಿದ್ದವರು. ಅಲ್ಲಿ ಹಾಜರಿ ಪುಸ್ತಕವನ್ನು ತೆಗೆದು ಗಣಕ ತಂದರು. ರಾತ್ರಿ ಪಾಳಿಯವನು 11 ಗಂಟೆಗೆ ಒಳಹೊಕ್ಕು ಬೆಳಿಗ್ಗೆ 7ಕ್ಕೆ ಹೊರಬರುತ್ತಾನೆ. ಗಣಕವಾದರೋ ತಾರೀಖು ನೋಡಿ ಲೆಕ್ಕ ಹಾಕುತ್ತಿತ್ತು. ಹೊಕ್ಕದ್ದು ಒಂದು ತಾರೀಖು, ಹೊರಬಂದದ್ದು ಮರು ತಾರೀಖು. ಜೋಡಿ ಕೂಡದೆ ಹಾಜರಿ ಅರ್ಧವಾಯಿತು. ಅದನ್ನು ಬರೆದವರು ದಡ್ಡರಲ್ಲ. ಆದರೆ ತಿಂಗಳುಗಟ್ಟಲೆ ತಮ್ಮ ಕಚೇರಿಯಲ್ಲೇ ಕುಳಿತು ಎಲ್ಲವನ್ನೂ ಮುಗಿಸಿ ತಂದರು. ಗೇಟಿನ ಕಾವಲುಗಾರನನ್ನಾಗಲಿ ಕಾರಕೂನರಾದ ನಮ್ಮನ್ನಾಗಲಿ ಒಂದು ಮಾತು ಕೇಳಲಿಲ್ಲ. ಪಟ್ಟಿಗೆ ಸಹಿ ಹಾಕುವಾಗ ನಾವೂ ಗಮನಿಸಲಿಲ್ಲ. ಬಾಕಿ ಕೈಸೇರಲು ಮೂರು ತಿಂಗಳಾಯಿತು. ಆ ಮೂರು ತಿಂಗಳ ಕೈಗಡದ ಬಡ್ಡಿಯನ್ನು ಯಾರೂ ತುಂಬಿಕೊಡಲಿಲ್ಲ.

ಈ ರೋಗ ಹಳೆಯದು. ಸಾಫ್ಟ್‌ವೇರ್ ಕೆಲಸಗಳು ತಡವಾಗಿ, ತಪ್ಪುಗಳೊಡನೆ ಮುಗಿಯುವುದರ ಬಗ್ಗೆ 1968ರಲ್ಲೇ ಜರ್ಮನಿಯ ಗಾರ್ಮಿಶ್‌ನಲ್ಲಿ ತಜ್ಞರು ಸೇರಿ ಚರ್ಚಿಸಿದ್ದರು. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದ ಸ್ನೋಬರ್ಡ್‌ನಲ್ಲಿ 17 ಮಂದಿ ಕೂಡಿ 'ಅಜೈಲ್' ಎಂಬ ಚಿಕ್ಕ ಘೋಷಣೆ ಬರೆದರು. ಚುರುಕಾದುದು, ಬೇಕಾದತ್ತ ಹೊರಳಬಲ್ಲುದು ಎಂದು ಆ ಮಾತಿನ ಅರ್ಥ. ಸಾಧನಗಳಿಗಿಂತ ಮನುಷ್ಯರಿಗೆ, ಕಾಗದಪತ್ರಕ್ಕಿಂತ ನಡೆಯುವ ಸಾಫ್ಟ್‌ವೇರಿಗೆ, ಕರಾರಿನ ಜಗ್ಗಾಟಕ್ಕಿಂತ ಗಿರಾಕಿಯ ಸಹಕಾರಕ್ಕೆ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಹೊಂದುವುದಕ್ಕೆ ಹೆಚ್ಚು ಬೆಲೆ ಎಂದರು. ಯೋಜನೆಯೇ ಬೇಡವೆಂದಲ್ಲ. ಕೆಲವು ವಾರಕ್ಕೊಮ್ಮೆ ಒಂದಿಷ್ಟು ಮಾಡಿ, ಬಳಸುವವರ ಕೈಗೆ ಕೊಟ್ಟು, ಅವರು ತೋರಿದ ಕುಂದನ್ನು ತಿದ್ದಿ ಮುಂದೆ ಹೋಗಬೇಕು.

ಹಾಗೆ ತಿದ್ದಬೇಕಾದರೆ ರಚನೆಯೂ ತಿದ್ದಲು ಬರುವಂತಿರಬೇಕು. 1972ರಲ್ಲಿ ಡೇವಿಡ್ ಪಾರ್ನಾಸ್ ಎಂಬವರು ಇದಕ್ಕೊಂದು ಸೂತ್ರ ತೋರಿಸಿದರು: ನಾಳೆ ಬದಲಾಗಬಹುದಾದ ನಿರ್ಧಾರವನ್ನು ಒಂದೇ ಕಡೆ ಇಟ್ಟು, ಅದರ ಒಳಗುಟ್ಟನ್ನು ಉಳಿದ ಭಾಗಗಳಿಂದ ಮರೆಮಾಡಬೇಕು. ಪಾಳಿಯ ನಿಯಮ ಒಂದೇ ಕಡೆ ಇದ್ದರೆ ತಿದ್ದುವುದು ಸುಲಭ. ಹತ್ತು ಕಡೆ ಹರಡಿದ್ದರೆ ಒಂದನ್ನು ಸರಿಪಡಿಸುವಾಗ ಇನ್ನೊಂದು ಕೆಡುತ್ತದೆ.

ಮುಂದಿನ ರವಿವಾರ ಹಲಗೆಯನ್ನು ಬಿಟ್ಟು ಹಾಳೆ ಹಂಚಿದೆವು. "ಹಾಜರಿ ಗಣಕವನ್ನು ನೀವೇ ಪರೀಕ್ಷೆ ಮಾಡಿರಿ" ಎಂದೆವು. ಅರ್ಧ ತಾಸಿನಲ್ಲಿ ಪ್ರಶ್ನೆಗಳು ಬಂದವು: ರಾತ್ರಿ ಪಾಳಿಗೆ ಏನು? ಎರಡು ಪಾಳಿ ಕೂಡಿಯೇ ದುಡಿದವನಿಗೆ ಏನು? 31ರ ರಾತ್ರಿ ಹೊಕ್ಕವನ ದಿನ ಯಾವ ತಿಂಗಳಿಗೆ? ಕೊನೆಯದು ನಮಗೂ ಹೊಳೆದಿರಲಿಲ್ಲ. ಕಸಬು ಬಲ್ಲವರು ಇಂಥ ಪರೀಕ್ಷೆಗಳನ್ನು ಮೊದಲು ಬರೆದಿಟ್ಟು, ಪ್ರೋಗ್ರಾಂ ಆಮೇಲೆ ಬರೆಯುವುದುಂಟು.

ಓದುಗ ಬಂಧುಗಳೇ, ನಿಮ್ಮಲ್ಲಿಗೆ ಹೊಸ ಗಣಕ ಬಂದರೆ ಹಳೆಯ ಪುಸ್ತಕವನ್ನೂ ಒಂದು ತಿಂಗಳು ಜೊತೆಗೆ ನಡೆಸಿರೆಂದು ಮೇಲಿನವರಲ್ಲಿ ಕೇಳಿಕೊಳ್ಳಿ. ನಿಮ್ಮ ಪಾಳಿಗಳನ್ನು ನೀವೂ ಬರೆದಿಡಿ. ತಾಳೆ ನೋಡಲು ಬರದಿದ್ದರೆ ವಾಚನಾಲಯಕ್ಕೆ ಬನ್ನಿ, ಕೂಡಿ ನೋಡೋಣ.