ಒಂಬತ್ತು ಮಣಿಗಳ ಸರ

ಮೂಡಲಗಿ ಸೀಮೆಯ ಕೊಟ್ಟಿಗೆಗಳಲ್ಲಿ ಹಾಲು ಹಿಂಡುವ ಮೊದಲು ಕರು ಬಿಡುತ್ತಾರೆ. ಅದು ನಾಲ್ಕು ಸಲ ಕೆಚ್ಚಲಿಗೆ ಗುದ್ದಿ ಚೀಪುತ್ತದೆ, ಎಮ್ಮೆ ತೊರೆ ಬಿಡುತ್ತದೆ. ಆಮೇಲೆ ಕರುವನ್ನು ಗೂಟಕ್ಕೆ ಕಟ್ಟಿ ಚರಿಗೆ ಹಿಡಿದು ಕೂತರಾಯಿತು. ಅಷ್ಟರೊಳಗೆ ಎಮ್ಮೆಯ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಹೊರಟು, ರಕ್ತದಲ್ಲಿ ಹರಿದು, ಕೆಚ್ಚಲು ಮುಟ್ಟಿರುತ್ತದೆ. ಒಂಬತ್ತೇ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ ಅದು. ಇಂಥ ಗಿಡ್ಡ ಸರಗಳೇ ಪೆಪ್ಟೈಡುಗಳು. ಉದ್ದವಾಗಿ ಬೆಳೆದು ಮಡಚಿಕೊಂಡರೆ ಪ್ರೋಟೀನು.

ಹುಕ್ಕೇರಿ, ಗೋಕಾಕದ ಹೆರಿಗೆ ಕೋಣೆಗಳಲ್ಲಿ ಇದೇ ಸರ ಸಣ್ಣ ಗಾಜಿನ ಆಂಪೂಲಿನಲ್ಲಿರುತ್ತದೆ. ಕೂಸು ಹುಟ್ಟಿದ ಕೂಡಲೇ ಬಾಣಂತಿಗೆ ಹತ್ತು ಯೂನಿಟ್ ಸೂಜಿ. ಗರ್ಭಕೋಶ ಬಿಗಿಯುತ್ತದೆ, ರಕ್ತಸ್ರಾವ ಹಿಡಿತಕ್ಕೆ ಬರುತ್ತದೆ. ನನಗೆ ಗೊತ್ತಿರುವ ಔಷಧಿಗಳಲ್ಲಿ ಇಷ್ಟು ಸಣ್ಣದಾಗಿದ್ದು ಇಷ್ಟು ಜೀವ ಉಳಿಸಿದ್ದು ಅಪರೂಪ.

ಈ ಸರವನ್ನು ಮೊದಲು ಪ್ರಯೋಗಾಲಯದಲ್ಲಿ ಪೋಣಿಸಿದವರು ಅಮೆರಿಕದ ವಿನ್ಸೆಂಟ್ ಡು ವಿನ್ಯೋ, 1953ರಲ್ಲಿ. ಎರಡೇ ವರ್ಷಕ್ಕೆ ನೊಬೆಲ್ ಬಂತು. ಒಂಬತ್ತರಲ್ಲಿ ಎರಡು ಮಣಿ ಬದಲಾದರೆ ಅದು ವ್ಯಾಸೊಪ್ರೆಸಿನ್, ಮೈಯಲ್ಲಿ ನೀರು ಹಿಡಿದಿಡುವ ಹಾರ್ಮೋನು. ಹಾಲಿಗೂ ನೀರಿಗೂ ನಡುವಿನ ಅಂತರ ಎರಡು ಮಣಿ!

ಬೋರಮಾಳ ಪೋಣಿಸುವ ಪತ್ತಾರರಿಗೆ ಇಲ್ಲದ ಕಷ್ಟ ಈ ಕಸುಬಿನಲ್ಲಿದೆ. ಒಂದೊಂದು ಅಮೈನೋ ಆಮ್ಲಕ್ಕೂ ಎರಡು ಕೈ; ಸುಮ್ಮನೆ ಬೆರೆಸಿದರೆ ಯಾವುದು ಯಾವುದನ್ನು ಹಿಡಿಯುತ್ತದೋ ಹೇಳಲಾಗದು. ಅದಕ್ಕೇ ಒಂದು ಕೈಗೆ ರಾಸಾಯನಿಕ ಮುಸುಕು ತೊಡಿಸಿ, ಇನ್ನೊಂದನ್ನು ಕೂಡಿಸಿ, ಮತ್ತೆ ಮುಸುಕು ತೆಗೆಯಬೇಕು. ಹೆಜ್ಜೆಗೆ ಶೇ 99ರಷ್ಟು ಸರಿಯಾದರೂ ಐವತ್ತು ಹೆಜ್ಜೆಯ ಕೊನೆಗೆ ಕೈಗೆ ಸಿಗುವ ಸರಿಯಾದ ಸರ ಶೇ 60 ಮಾತ್ರ. 1963ರಲ್ಲಿ ಬ್ರೂಸ್ ಮೆರಿಫೀಲ್ಡ್ ಮೊದಲ ಮಣಿಯನ್ನು ರಾಳದ ಕಾಳಿಗೆ ಅಂಟಿಸಿಬಿಟ್ಟರು. ಹೆಚ್ಚಾದದ್ದನ್ನೆಲ್ಲ ತೊಳೆದು ಹಾಕಬಹುದು, ಸರ ಮಾತ್ರ ಕಾಳಿನಲ್ಲೇ ಉಳಿಯುತ್ತದೆ.

ಅದೇ 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಮೂವರೂ ಕೂಡಿ ಪೆಪ್ಟೈಡ್ ಸರ ಎಷ್ಟು ಹೊರಳಬಲ್ಲದು, ಎಲ್ಲಿ ಹೊರಳಲಾರದು ಎಂಬುದರ ನಕ್ಷೆ ಬರೆದರು. ಜಗತ್ತಿನ ಜೀವರಸಾಯನ ಪಠ್ಯಗಳಲ್ಲೆಲ್ಲ ಇಂದು ಅದು ರಾಮಚಂದ್ರನ್ ನಕ್ಷೆ. ರಾಮಚಂದ್ರನ್ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕವೇ ಕರ್ನಾಟಕದ ಪೆಪ್ಟೈಡ್ ಬಳಗದ ತಾಯಿಬೇರು. 1973ರಲ್ಲಿ ಅಲ್ಲಿಗೆ ಬಂದ ಪಿ. ಬಲರಾಮ್, ಎಐಬಿ ಎಂಬ ಬಿಗುಮಾನದ ಅಮೈನೋ ಆಮ್ಲವನ್ನು ನಡುನಡುವೆ ಸೇರಿಸಿ, ಗಿಡ್ಡ ಸರಗಳೂ ಸುರುಳಿಯಾಗಿ ನಿಲ್ಲುವಂತೆ ಮಾಡಿದರು. ಬೆಂಗಳೂರಿನಲ್ಲಿ ಪೋಣಿಸಿದ ಪೆಪ್ಟೈಡುಗಳ ಹರಳುಗಳೊಳಗನ್ನು ವಾಷಿಂಗ್ಟನ್ನಿನ ಇಸಾಬೆಲ್ಲಾ ಕಾರ್ಲ್ ಕ್ಷಕಿರಣದಿಂದ ಓದುತ್ತಿದ್ದರು. ಒಬ್ಬರು ಪೋಣಿಸಬೇಕು, ಇನ್ನೊಬ್ಬರು ನೋಡಿ ಹೇಳಬೇಕು. ಈ ವಿದ್ಯೆ ಒಂಟಿಯಾಗಿ ನಡೆಯದು. ಬೆಂಗಳೂರಿನದೇ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ವಿ.ವಿ. ಸುರೇಶ್ ಬಾಬು ಅವರ ಬಳಗ ಮಣಿ ಕೂಡಿಸುವ ಹೊಸ ವಿಧಾನಗಳಿಗೆ ಹೆಸರಾಯಿತು.

ನಮ್ಮ ಬೆಳಗಾವಿ ಜಿಲ್ಲೆಗೆ ಬರೋಣ. ಆಕ್ಸಿಟೋಸಿನ್‌ಗೆ ಬಿಸಿಲಾಗದು, 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಗೋಕಾಕದ ಏಪ್ರಿಲ್ ಉರಿಯಲ್ಲಿ ಕರೆಂಟು ಹೋದರೆ ಆಂಪೂಲಿನೊಳಗಿನ ಸರ ಕೆಡತೊಡಗುತ್ತದೆ, ಕಣ್ಣಿಗೆ ಮಾತ್ರ ನೀರಿನಂತೆ ತಿಳಿಯಾಗಿಯೇ ಇರುತ್ತದೆ. ಈ ಚಿಂತೆಯಿಂದಲೇ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಅಧ್ಯಯನ ನಡೆಸಿದ್ದರು. ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟಲ್ಲಿ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕಿಳಿಯಿತು, ಫಲಿತಾಂಶ 2006ರ ಲ್ಯಾನ್ಸೆಟ್‌ನಲ್ಲಿ ಬಂತು. ಅದು ಪೆಪ್ಟೈಡ್ ಅಲ್ಲ, ತಂಪು ಪೆಟ್ಟಿಗೆ ಬೇಡದ ಮದ್ದು.

ಪೆಪ್ಟೈಡ್ ವಿಜ್ಞಾನಿಗಳೂ ಸುಮ್ಮನಿರಲಿಲ್ಲ. ಆಕ್ಸಿಟೋಸಿನ್ ಸರದ ಗಂಧಕದ ಕೊಂಡಿಯಲ್ಲಿ ಒಂದು ಗಂಧಕದ ಜಾಗಕ್ಕೆ ಇಂಗಾಲ ಕೂಡಿಸಿದ ಸರವೇ ಕಾರ್ಬೆಟೋಸಿನ್. ದ್ರಾವಣವನ್ನೂ ತಿದ್ದಿ ಮಾಡಿದ ಅದರ ಹೊಸ ರೂಪ 30 ಡಿಗ್ರಿಯಲ್ಲೂ ಮೂರು ವರ್ಷ ಕೆಡದು. ವಿಶ್ವ ಆರೋಗ್ಯ ಸಂಸ್ಥೆ ಹತ್ತು ದೇಶಗಳ 29,645 ತಾಯಂದಿರಲ್ಲಿ ಅದನ್ನು ಪರೀಕ್ಷಿಸಿದಾಗ ಬೆಳಗಾವಿಯ ಸಂಶೋಧಕರೂ ಜೊತೆಗಿದ್ದರು. 2018ರಲ್ಲಿ ಲೆಕ್ಕ ಬಂತು: ಅರ್ಧ ಲೀಟರ್ ಅಥವಾ ಹೆಚ್ಚು ರಕ್ತ ಹೋದವರು, ಇಲ್ಲವೇ ಗರ್ಭಕೋಶ ಬಿಗಿಸಲು ಇನ್ನೊಂದು ಮದ್ದು ಬೇಕಾದವರು ಹೊಸ ಮದ್ದಿನಲ್ಲಿ ಶೇ 14.5, ತಂಪಿನಲ್ಲಿಟ್ಟ ಆಕ್ಸಿಟೋಸಿನ್‌ನಲ್ಲಿ ಶೇ 14.4. ಮರುವರ್ಷ ಹೊಸ ಮದ್ದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿ ಸೇರಿತು.